ಒಡೆಯನಿಲ್ಲದ ತಂಡಕ್ಕೆ ಹದಿಮೂರು ಕಿರೀಟ

ಷೇರು ಕೊಳ್ಳುವವರಿಗೆ ಸಾಮಾನ್ಯವಾಗಿ ಎರಡು ಆಸೆಗಳಿರುತ್ತವೆ. ವರ್ಷಾಂತ್ಯಕ್ಕೆ ಲಾಭಾಂಶ ಕೈಸೇರಲಿ ಎಂಬುದೊಂದು; ಬೆಲೆ ಏರಿದಾಗ ಮಾರಿ ನಾಲ್ಕು ಕಾಸು ಉಳಿಸಿಕೊಳ್ಳೋಣ ಎಂಬುದು ಇನ್ನೊಂದು. ಈ ಎರಡು ಆಸೆಗಳಿಗೂ ಎಡೆಗೊಡದ ಷೇರು ಒಂದುಂಟು. ಅದಕ್ಕೆ ಲಾಭಾಂಶವಿಲ್ಲ; ಅದರ ಬೆಲೆ ಏರುವುದಿಲ್ಲ; ಅದನ್ನು ಪೇಟೆಯಲ್ಲಿ ಮಾರುವಂತಿಲ್ಲ; ಮನೆಯವರ ಹೆಸರಿಗೆ ಬರೆದುಕೊಡಬಹುದು, ಅಷ್ಟೆ. ಷೇರುದಾರನೆಂಬ ಕಾರಣಕ್ಕೆ ಪಂದ್ಯದ ಟಿಕೆಟಿನ ಸರದಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಬಿಡುವುದಿಲ್ಲ. ಇಷ್ಟೆಲ್ಲವನ್ನೂ ಮೊದಲೇ ತಿಳಿಸಿ, ತಲಾ 300 ಡಾಲರಿನಂತೆ 2021ರ ನವೆಂಬರಿನಲ್ಲಿ ಈ ಷೇರುಗಳನ್ನು ಮಾರಾಟಕ್ಕಿಟ್ಟಾಗ, ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಂದಿ ಹೊಸಬರು ಹಣ ತೆತ್ತು ಕೊಂಡರು! ಹಲವರು ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಈಗ ಇಂಥ ಷೇರುದಾರರ ಸಂಖ್ಯೆ ಐದು ಲಕ್ಷವನ್ನು ಮೀರಿದೆ.

ಈ ವಿಚಿತ್ರ ವ್ಯವಹಾರದ ಹಿಂದಿರುವುದು ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಕೊಲ್ಲಿಯೊಂದರ ತುದಿಯಲ್ಲಿರುವ ಪಟ್ಟಣ ಗ್ರೀನ್ ಬೇ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1,07,395 ಮಾತ್ರ. ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿರುವ 32 ತಂಡಗಳಲ್ಲಿ ಉಳಿದವು ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲೀಸ್‌ಗಳಂಥ ಮಹಾನಗರಗಳ ಆಸರೆಯಲ್ಲಿ, ಕುಬೇರರ ಒಡೆತನದಲ್ಲಿ ಬೆಳೆದವು. ಗ್ರೀನ್ ಬೇಯ ತಂಡಕ್ಕೆ ಒಡೆಯನೇ ಇಲ್ಲ. ಆದರೆ ಲೀಗಿನ ಶತಮಾನದ ಇತಿಹಾಸದಲ್ಲಿ ಅತಿ ಹೆಚ್ಚು ಬಾರಿ ಚಾಂಪಿಯನ್ ಪಟ್ಟ ಪಡೆದ ತಂಡ ಯಾವುದೆಂದು ನೋಡಿದರೆ, ಹದಿಮೂರು ಕಿರೀಟಗಳೊಡನೆ ಮೊದಲ ಸ್ಥಾನದಲ್ಲಿ ನಿಂತಿರುವುದು ಇದೇ ತಂಡ. ಒಂಬತ್ತು ಕಿರೀಟಗಳ ಷಿಕಾಗೋ ಬೇರ್ಸ್ ತಂಡದ್ದು ಎರಡನೆಯ ಸ್ಥಾನ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಹೆಸರು ಫುಟ್‌ಬಾಲ್ ಎಂದಿದ್ದರೂ ಇದರಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಚೆಂಡು ಮೊಟ್ಟೆಯಾಕಾರದ್ದು, ಮೈದಾನ ನೂರು ಗಜ ಉದ್ದದ್ದು, ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡನ್ನು ಹಿಡಿದ ಪಕ್ಷ ನಾಲ್ಕು ಯತ್ನಗಳೊಳಗೆ ಕನಿಷ್ಠ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಗೆರೆಯನ್ನು ಚೆಂಡಿನೊಡನೆ ದಾಟಿದರೆ ‘ಟಚ್‌ಡೌನ್’; ಅದಕ್ಕೆ ಆರು ಅಂಕ. ಅನಂತರ ಚೆಂಡನ್ನು ಕಂಬಗಳ ನಡುವೆ ಒದ್ದು ಇನ್ನೊಂದು ಅಂಕ ಗಳಿಸಬಹುದು. ಯತ್ನವನ್ನು ನಿರ್ದೇಶಿಸುವ, ಚೆಂಡನ್ನು ಎಸೆಯುವ ಆಟಗಾರನೇ ‘ಕ್ವಾರ್ಟರ್‌ಬ್ಯಾಕ್’. ಕಬಡ್ಡಿಯ ಹಿಡಿತಕ್ಕೆ ಚದುರಂಗದ ಲೆಕ್ಕಾಚಾರವನ್ನು ಬೆರೆಸಿದರೆ ಹೇಗಿರಬಹುದೋ ಹಾಗೆ ಎಂದು ಊಹಿಸಿಕೊಳ್ಳಬಹುದು. ಪೆಟ್ಟು ಮಾತ್ರ ಕಬಡ್ಡಿಗಿಂತ ಬಹಳ ಬಲವಾದದ್ದು.

ಐನೂರು ಡಾಲರಿನ ಅಂಗಿಗಳು

1919ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅರ್ಲ್ ಲ್ಯಾಂಬೋ ಎಂಬ ಇಪ್ಪತ್ತೊಂದರ ತರುಣ ಊರಿನ ಪತ್ರಿಕಾ ಕಚೇರಿಯಲ್ಲಿ ಗೆಳೆಯರನ್ನು ಕಲೆಹಾಕಿ ತಂಡವೊಂದನ್ನು ಕಟ್ಟಿದ. ಗುಂಗುರು ಕೂದಲಿನಿಂದಾಗಿ ಆತನಿಗೆ ‘ಕರ್ಲಿ’ ಎಂಬ ಅಡ್ಡಹೆಸರು. ಪತ್ರಿಕೆಯಲ್ಲಿದ್ದ ಜಾರ್ಜ್ ಕಾಲ್ಹೂನ್ ಆತನಿಗೆ ಜೊತೆಗಾರ. ಲ್ಯಾಂಬೋ ಆಗ ಗುಮಾಸ್ತನಾಗಿದ್ದುದು ಮಾಂಸವನ್ನು ಡಬ್ಬಿಗಳಿಗೆ ತುಂಬುವ ಇಂಡಿಯನ್ ಪ್ಯಾಕಿಂಗ್ ಕಂಪೆನಿಯಲ್ಲಿ. (ಹೆಸರಿನಲ್ಲಿ ‘ಇಂಡಿಯನ್’ ಎಂದಿದ್ದರೂ ಭಾರತಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.) ಅಂಗಿಗಳಿಗೆಂದು ಕಂಪೆನಿಯಿಂದ 500 ಡಾಲರು ದೊರೆಯಿತು, ತಂಡಕ್ಕೆ ‘ಪ್ಯಾಕರ್ಸ್’ ಎಂಬ ಹೆಸರು ಅಂಟಿತು. ಕಂಪೆನಿ ಬಹುಕಾಲ ಬಾಳಲಿಲ್ಲ. ಹೆಸರು ಮಾತ್ರ ಇಂದಿಗೂ ಉಳಿದಿದೆ.

ಮೊದಲ ವರ್ಷ ಆಡಿದ ಹನ್ನೊಂದು ಪಂದ್ಯಗಳಲ್ಲಿ ಹತ್ತು ಗೆಲುವು. ಬೇಲಿಯಿಲ್ಲದ ಬಯಲಿನಲ್ಲಿ ಆಟ. ಪ್ರೇಕ್ಷಕರ ನಡುವೆ ಟೋಪಿಯನ್ನು ತಿರುಗಿಸಿ ಹಣ ಎತ್ತುವುದು ರೂಢಿ. ಋತುವಿನ ಕೊನೆಗೆ ಲೆಕ್ಕ ಹಾಕಿ ಹಂಚಿಕೊಂಡಾಗ ಆಟಗಾರನೊಬ್ಬನ ಪಾಲಿಗೆ ಬಂದದ್ದು 16 ಡಾಲರು 75 ಸೆಂಟು!

1921ರಲ್ಲಿ ತಂಡ ಲೀಗನ್ನು ಸೇರಿತು. ವರ್ಷ ಕಳೆಯುವಷ್ಟರಲ್ಲಿ ಹೊರಬಿತ್ತು. ಕಾಲೇಜು ವಿದ್ಯಾರ್ಥಿಗಳನ್ನು ಸುಳ್ಳು ಹೆಸರಿನಿಂದ ಆಡಿಸಿದ್ದೇ ಅಪರಾಧ. ಲ್ಯಾಂಬೋ ತಪ್ಪುಕಾಣಿಕೆ ಸಲ್ಲಿಸಿ, ಕೈಯಿಂದ ಹಣ ಕಟ್ಟಿ, 1922ರಲ್ಲಿ ಸ್ಥಾನವನ್ನು ಮರಳಿ ಪಡೆದ. ಆ ವರ್ಷ ಮಳೆರಾಯ ಮುನಿದ. ಪಂದ್ಯದ ದಿನವೇ ಮಳೆ ಹೊಯ್ದು ಪ್ರೇಕ್ಷಕರು ಬಾರದೆ, ತಂಡ ಸಾಲದಲ್ಲಿ ಮುಳುಗಿತು. ಆಗ ಊರಿನ ಪತ್ರಿಕೆಯ ಪ್ರಕಾಶಕ ಆಂಡ್ರೂ ಟರ್ನ್‌ಬುಲ್ ವರ್ತಕರನ್ನು ಒಟ್ಟುಗೂಡಿಸಿ ಒಂದು ಉಪಾಯ ಹೂಡಿದ. 1923ರಲ್ಲಿ ತಂಡ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿಯಾಯಿತು. ತಲಾ 5 ಡಾಲರಿನ ಒಂದು ಸಾವಿರ ಷೇರುಗಳನ್ನು ಊರಿನವರೇ ಕೊಂಡರು.

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಮರದ ಮೆಟ್ಟಿಲಾಸನದಿಂದ ಬಿದ್ದ ಪ್ರೇಕ್ಷಕನೊಬ್ಬ ನ್ಯಾಯಾಲಯದ ಮೆಟ್ಟಿಲೇರಿ ಪರಿಹಾರ ಗೆದ್ದ. ಅದನ್ನು ತೆರಬೇಕಾಗಿದ್ದ ವಿಮಾ ಕಂಪೆನಿಯೇ ದಿವಾಳಿಯೆದ್ದಿತು! 1935ರಲ್ಲಿ ಮತ್ತೆ ಷೇರು ಮಾರಿ 15,000 ಡಾಲರು ಕೂಡಿಸಿ ತಂಡವನ್ನು ಉಳಿಸಿಕೊಂಡದ್ದಾಯಿತು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ ಅದು. ಮನೆಯ ಒಲೆ ಉರಿಯುವುದೇ ದುಸ್ತರವಾಗಿದ್ದಾಗ ಚೆಂಡಾಟಕ್ಕಾಗಿ ಹಣ ಕೊಟ್ಟ ಜನರನ್ನು ಹುಚ್ಚರೆನ್ನಬೇಕೋ ಧೀರರೆನ್ನಬೇಕೋ ತಿಳಿಯದು.

ಅದೇ ಕಾಲದಲ್ಲಿ ಇಂಥವೇ ಸಣ್ಣ ಊರುಗಳ ತಂಡಗಳು ಲೀಗಿನಲ್ಲಿ ಹಲವಿದ್ದವು. ಕ್ಯಾಂಟನ್, ರಾಕ್ ಐಲೆಂಡ್, ಪಾಟ್ಸ್‌ವಿಲ್, ಡುಲೂತ್ ಎಂಬ ಹೆಸರುಗಳು ಹಳೆಯ ದಾಖಲೆಪುಸ್ತಕಗಳಲ್ಲಿ ಮಾತ್ರ ಉಳಿದಿವೆ. ಓಹಾಯೋ ರಾಜ್ಯದ ಪೋರ್ಟ್ಸ್‌ಮತ್ ಎಂಬ ಊರಿನ ತಂಡ 1934ರಲ್ಲಿ ಮಾರಾಟವಾಗಿ ಡೆಟ್ರಾಯಿಟ್ ನಗರಕ್ಕೆ ಹೋಗಿ ಡೆಟ್ರಾಯಿಟ್ ಲಯನ್ಸ್ ಆಯಿತು. ಕೊಳ್ಳುವವನು ಬಂದಾಗ ಮಾರಲು ಒಡೆಯನೊಬ್ಬನಿದ್ದರೆ ತಂಡ ಊರು ಬಿಡುತ್ತದೆ. ಗ್ರೀನ್ ಬೇಯಲ್ಲಿ ಮಾರುವವನೇ ಇರಲಿಲ್ಲ.

ಮೊದಲ ಆರು ಕಿರೀಟಗಳು

1929, 1930, 1931: ಸಾಲಾಗಿ ಮೂರು ವರ್ಷ ಪ್ಯಾಕರ್ಸ್ ಚಾಂಪಿಯನ್. ಅಂದು ಅಂತಿಮ ಪಂದ್ಯವೆಂಬುದು ಇರಲಿಲ್ಲ. ಋತುವಿನ ಗೆಲುವು ಸೋಲುಗಳನ್ನು ತೂಗಿ ಪಟ್ಟ ಕಟ್ಟುತ್ತಿದ್ದರು. 1929ರಲ್ಲಿ ಹನ್ನೆರಡು ಗೆಲುವು, ಒಂದು ಸಮ, ಸೋಲಿಲ್ಲ. ಆ ಹದಿಮೂರು ಪಂದ್ಯಗಳಲ್ಲೂ ಸೇರಿ ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕಗಳು ಕೇವಲ 22.

1931ರ ಕಿರೀಟದ ಮೇಲೆ ಮಾತ್ರ ಒಂದು ಸಣ್ಣ ಕಲೆಯಿದೆ. ಆ ವರ್ಷ ಪ್ಯಾಕರ್ಸ್ 12 ಗೆದ್ದು 2 ಸೋತಿತ್ತು. ಮೇಲೆ ಹೇಳಿದ ಪೋರ್ಟ್ಸ್‌ಮತ್ ತಂಡ 11 ಗೆದ್ದು 3 ಸೋತಿತ್ತು. ಋತುವಿನ ಕೊನೆಗೆ ಇಬ್ಬರ ನಡುವೆ ಒಂದು ಪಂದ್ಯವನ್ನು ಇನ್ನೂ ಖಚಿತವಾಗದಂತೆ ಗೊತ್ತುಮಾಡಿದ್ದರು. ಅದರಲ್ಲಿ ಪೋರ್ಟ್ಸ್‌ಮತ್ ಗೆದ್ದಿದ್ದರೆ ಎರಡೂ ತಂಡಗಳು ಸರಿಸಮವಾಗುತ್ತಿದ್ದವು. ಪ್ಯಾಕರ್ಸ್ ಆಡಲು ಒಪ್ಪಲಿಲ್ಲ. ಪಂದ್ಯ ಖಚಿತವಾಗಿರಲಿಲ್ಲವೆಂಬ ವಾದ ನಿಯಮದ ದೃಷ್ಟಿಯಿಂದ ಸರಿಯೇ. ಲೀಗೂ ಅದನ್ನು ಒಪ್ಪಿತು. ಆದರೂ ಹದಿಮೂರು ಕಿರೀಟಗಳನ್ನು ಎಣಿಸುವಾಗ ಪೋರ್ಟ್ಸ್‌ಮತ್‌ನವರ ಸಂಕಟವನ್ನೂ ನೆನೆಯುವುದು ನ್ಯಾಯ.

1935ರಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯದಿಂದ ಡಾನ್ ಹಟ್ಸನ್ ಎಂಬ ಸಪೂರ ದೇಹದ ತರುಣ ಬಂದು ಸೇರಿದ. ಅಂದಿನ ಆಟದಲ್ಲಿ ಚೆಂಡನ್ನು ಅಪ್ಪಿ ನುಗ್ಗುವುದೇ ಹೆಚ್ಚು. ದೂರಕ್ಕೆ ಎಸೆಯುವುದು ವಿರಳ. ಹಟ್ಸನ್ ಓಡುತ್ತ ಓಡುತ್ತ ದಿಕ್ಕು ಬದಲಿಸಿ, ಬೆನ್ನಟ್ಟಿದವನನ್ನು ಕಕ್ಕಾಬಿಕ್ಕಿಯಾಗಿಸಿ, ಬಂದ ಚೆಂಡನ್ನು ಹಿಡಿಯುವ ಕಲೆಯನ್ನು ಹೊಸದಾಗಿ ಸೃಷ್ಟಿಸಿದ ಎಂದರೆ ಅತಿಶಯೋಕ್ತಿಯಾಗಲಾರದು. 1942ರಲ್ಲಿ ಹನ್ನೊಂದೇ ಪಂದ್ಯಗಳಲ್ಲಿ 74 ಚೆಂಡುಗಳನ್ನು ಹಿಡಿದು 1,211 ಗಜ ಸಾಗಿ 17 ಟಚ್‌ಡೌನ್‌ಗಳನ್ನು ಗಳಿಸಿದ. 1945ರ ಅಕ್ಟೋಬರ್ 7ರಂದು ಡೆಟ್ರಾಯಿಟ್ ವಿರುದ್ಧ ಪಂದ್ಯದ ಒಂದೇ ಕಾಲುಭಾಗದಲ್ಲಿ ನಾಲ್ಕು ಟಚ್‌ಡೌನ್‌ಗಳನ್ನು ಹಿಡಿದು, ಐದು ಬಾರಿ ಚೆಂಡನ್ನು ಒದ್ದು, ಒಬ್ಬನೇ 29 ಅಂಕ ಗಳಿಸಿದ. ಎಂಬತ್ತು ವರ್ಷಗಳು ಸಂದಿವೆ. ಆ ದಾಖಲೆ ಅಲುಗಿಲ್ಲ. ಜೀವಮಾನದಲ್ಲಿ ಆತ ಹಿಡಿದ 99 ಟಚ್‌ಡೌನ್‌ಗಳ ದಾಖಲೆಯನ್ನು ಮೀರಿಸಲು ಇನ್ನೊಬ್ಬ 1989ರವರೆಗೆ ಹುಟ್ಟಿಬರಬೇಕಾಯಿತು. ಹಟ್ಸನ್ ಧರಿಸುತ್ತಿದ್ದ 14ನೆಯ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡಬಾರದೆಂದು ತಂಡ 1951ರಲ್ಲಿ ತೀರ್ಮಾನಿಸಿತು. ಇಂಥ ಗೌರವ ಪಡೆದ ಸಂಖ್ಯೆಗಳು ಇದುವರೆಗೆ ಆರು ಮಾತ್ರ.

1936, 1939, 1944ರಲ್ಲಿ ಮತ್ತೆ ಮೂರು ಪಟ್ಟಗಳು ಬಂದವು. ಒಬ್ಬನೇ ತರಬೇತುದಾರನಾಗಿ ಆರು ಕಿರೀಟಗಳನ್ನು ತಂದ ಲ್ಯಾಂಬೋನ ದಾಖಲೆಯನ್ನು ಸರಿಗಟ್ಟಿದವರುಂಟು, ಮೀರಿದವರಿಲ್ಲ. ಆದರೆ ಯುದ್ಧಾನಂತರ ಆತನಿಗೂ ಆಡಳಿತ ಮಂಡಲಿಗೂ ಮನಸ್ತಾಪ ಬೆಳೆಯಿತು, ಬೊಕ್ಕಸ ಬರಿದಾಯಿತು. 1949ರ ನವೆಂಬರಿನಲ್ಲಿ ಆಟಗಾರರು ತಮ್ಮತಮ್ಮಲ್ಲೇ ಎರಡು ಪಕ್ಷಗಳಾಗಿ ಸಹಾಯಾರ್ಥ ಪಂದ್ಯವಾಡಿದರು. ಕೊರೆಯುವ ಚಳಿಯಲ್ಲೂ ಜನ ಬಂದು ಸುಮಾರು 50,000 ಡಾಲರು ಕೂಡಿಬಂತು. ಮುಂದಿನ ವರ್ಷದ ಮೊದಲಲ್ಲಿ ಲ್ಯಾಂಬೋ ತಾನು ಕಟ್ಟಿದ ತಂಡವನ್ನು ತಾನೇ ತೊರೆದು ಹೋದ. ಊರು ಮೂರನೆಯ ಬಾರಿ ಷೇರು ಮಾರಿತು. ತಲಾ 25 ಡಾಲರಿನಂತೆ ಮಾರಿ ಬಂದ ಹಣ 1,18,000 ಡಾಲರು.

ಲ್ಯಾಟಿನ್ ಮೇಷ್ಟರ ಆಗಮನ

1956ರಲ್ಲಿ ಹೊಸ ಕ್ರೀಡಾಂಗಣ ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆ ಗ್ರೀನ್ ಬೇಯ ಮತದಾರರ ಮುಂದೆ ಬಂತು. ಕಟ್ಟದಿದ್ದರೆ ತಂಡ ಊರು ಬಿಡುವುದು ಖಂಡಿತ. ಆಗ ಊರಿಗೆ ಬಂದು, ವೇದಿಕೆ ಹತ್ತಿ, ಕ್ರೀಡಾಂಗಣಕ್ಕೆ ಮತ ಕೊಡಿರೆಂದು ಜನರನ್ನು ಬೇಡಿದವರಲ್ಲಿ ಒಬ್ಬ ಯಾರೆಂದುಕೊಂಡಿರಿ? ಬದ್ಧವೈರಿ ಷಿಕಾಗೋ ಬೇರ್ಸ್ ತಂಡದ ಒಡೆಯ ಜಾರ್ಜ್ ಹಲಾಸ್! ಒಳ್ಳೆಯ ಎದುರಾಳಿಯಿಲ್ಲದೆ ತನ್ನ ತಂಡಕ್ಕೂ ಕಳೆಯಿಲ್ಲವೆಂಬುದನ್ನು ಆತ ಬಲ್ಲವನಾಗಿದ್ದ. ಜನ ಭಾರಿ ಬಹುಮತದಿಂದ ಒಪ್ಪಿದರು. 1957ರ ಸೆಪ್ಟೆಂಬರಿನಲ್ಲಿ 32,500 ಆಸನಗಳ ಕ್ರೀಡಾಂಗಣ ತೆರೆಯಿತು. ಲ್ಯಾಂಬೋ 1965ರಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಆತನ ಹೆಸರನ್ನೇ ಇಟ್ಟು, ಊರು ಹಳೆಯ ಮನಸ್ತಾಪವನ್ನು ಮರೆಯಿತು.

ಕ್ರೀಡಾಂಗಣವೇನೋ ಹೊಸದು, ತಂಡ ಮಾತ್ರ ನೆಲ ಕಚ್ಚಿತ್ತು. 1958ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಒಂದೇ ಒಂದು ಗೆಲುವು. 1959ರಲ್ಲಿ ನ್ಯೂಯಾರ್ಕಿನಿಂದ ವಿನ್ಸ್ ಲೊಂಬಾರ್ಡಿ ಬಂದ. ಹಿಂದೆ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಭಾಷೆಯನ್ನೂ ಭೌತ, ರಸಾಯನಶಾಸ್ತ್ರಗಳನ್ನೂ ಕಲಿಸುತ್ತಿದ್ದ ಮೇಷ್ಟರು ಆತ. ಕಲಿಸುವ ಕ್ರಮವೂ ಶಾಲಾಕೊಠಡಿಯದೇ: ಒಂದೇ ಪಾಠವನ್ನು ದಡ್ಡನಿಗೂ ಅರ್ಥವಾಗುವವರೆಗೆ ಮತ್ತೆ ಮತ್ತೆ ಒಪ್ಪಿಸುವುದು. ತನ್ನ ತಂಡದ ಕರಿಯ ಆಟಗಾರರನ್ನು ಭೇದದಿಂದ ಕಾಣುವ ಊರಿನ ಯಾವ ಪಾನಗೃಹಕ್ಕೂ ಯಾವ ಆಟಗಾರನೂ ಕಾಲಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಅಮೆರಿಕದಲ್ಲಿ ವರ್ಣಭೇದ ಇನ್ನೂ ತಾಂಡವವಾಡುತ್ತಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

1960ರ ಅಂತಿಮ ಪಂದ್ಯದಲ್ಲಿ ಫಿಲಡೆಲ್ಫಿಯ ಎದುರು 17–13ರಿಂದ ಸೋತದ್ದೇ ಕೊನೆ. ಲೊಂಬಾರ್ಡಿಯ ಪ್ಯಾಕರ್ಸ್ ಆಮೇಲೆ ಯಾವ ಚಾಂಪಿಯನ್ ಪಂದ್ಯವನ್ನೂ ಸೋಲಲಿಲ್ಲ. 1961, 1962, 1965, 1966, 1967: ಏಳು ವರ್ಷಗಳಲ್ಲಿ ಐದು ಕಿರೀಟ. ಮೂರು ವರ್ಷ ಸಾಲಾಗಿ ಪಟ್ಟ ಗೆದ್ದದ್ದು ಎರಡನೆಯ ಬಾರಿ. ಬೇರಾವ ತಂಡಕ್ಕೂ ಇದು ಒಮ್ಮೆಯೂ ಸಾಧ್ಯವಾಗಿಲ್ಲ. 1967ರ ಜನವರಿಯಲ್ಲಿ, ಇಂದು ಜಗತ್ಪ್ರಸಿದ್ಧವಾಗಿರುವ ಸೂಪರ್ ಬೌಲ್ ಪಂದ್ಯ ಮೊಟ್ಟಮೊದಲ ಬಾರಿಗೆ ನಡೆಯಿತು. ಎರಡು ಪ್ರತಿಸ್ಪರ್ಧಿ ಲೀಗುಗಳ ವಿಜೇತರ ನಡುವೆ ಲಾಸ್ ಏಂಜಲೀಸ್‌ನಲ್ಲಿ ನಡೆದ ಆ ಪಂದ್ಯಕ್ಕೆ ಆಸನಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಖಾಲಿ! ಪ್ಯಾಕರ್ಸ್ 35–10ರಿಂದ ಕ್ಯಾನ್ಸಸ್ ಸಿಟಿಯನ್ನು ಸೋಲಿಸಿತು. ಮರುವರ್ಷ ಓಕ್‌ಲೆಂಡ್ ತಂಡವನ್ನು 33–14ರಿಂದ. ಲೊಂಬಾರ್ಡಿ 1970ರಲ್ಲಿ ಕ್ಯಾನ್ಸರಿಗೆ ಬಲಿಯಾದ. ಸೂಪರ್ ಬೌಲ್ ವಿಜೇತರಿಗೆ ಕೊಡುವ ಬೆಳ್ಳಿಯ ಪಾರಿತೋಷಕಕ್ಕೆ ಅಂದಿನಿಂದ ಆತನ ಹೆಸರು. ಗೆದ್ದ ತಂಡ ಯಾವ ಊರಿನದೇ ಆಗಿರಲಿ, ಎತ್ತಿ ಹಿಡಿಯುವುದು ಗ್ರೀನ್ ಬೇಯ ಮೇಷ್ಟರ ಹೆಸರನ್ನೇ.

ಮಂಜಿನ ಸಮರ

ಈ ಎಲ್ಲ ಪಂದ್ಯಗಳಿಗೂ ಮಿಗಿಲಾಗಿ ಗ್ರೀನ್ ಬೇಯ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವುದು 1967ರ ಡಿಸೆಂಬರ್ 31ರ ಕಥೆಯನ್ನು. ಎದುರಾಳಿ ಡಾಲಸ್ ಕೌಬಾಯ್ಸ್. ಅಂದಿನ ಉಷ್ಣತೆ ಶೂನ್ಯಕ್ಕಿಂತ 25 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಜೊತೆಗೆ ಚರ್ಮ ಸುಲಿಯುವಂಥ ಗಾಳಿ. ಮೈದಾನದ ಕೆಳಗೆ ಲೊಂಬಾರ್ಡಿ ಬಹಳ ಹೆಮ್ಮೆಯಿಂದ ಹಾಸಿಸಿದ್ದ ವಿದ್ಯುತ್ ಕಾವಿನ ತಂತಿಗಳು ಸರಿಯಾಗಿ ಅಂದೇ ಕೈಕೊಟ್ಟವು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತು. ತೀರ್ಪುಗಾರರ ಲೋಹದ ಸೀಟಿಗಳು ತುಟಿಗೆ ಅಂಟಿಕೊಂಡವು. ಆಮೇಲೆ ಬರಿಯ ಕೂಗಿನಿಂದಲೇ ಆಟ ನಡೆಸಿದರು. ಆದರೂ ಐವತ್ತು ಸಾವಿರ ಜನ ಕಂಬಳಿ ಹೊದ್ದು ಕುಳಿತಿದ್ದರು. ಅಂದು ಚಳಿಗೆ ವೃದ್ಧ ಪ್ರೇಕ್ಷಕನೊಬ್ಬ ಪ್ರಾಣ ಬಿಟ್ಟ.

ಡಾಲಸ್ 17, ಗ್ರೀನ್ ಬೇ 14. ಉಳಿದಿರುವುದು ಐದು ನಿಮಿಷಕ್ಕೂ ಕಡಿಮೆ. ಸಾಗಬೇಕಾದದ್ದು 68 ಗಜ. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಗಜಗಜವಾಗಿ ತಂಡವನ್ನು ಮುಂದೊಯ್ದ. ಕೊನೆಗೆ 16 ಸೆಕೆಂಡುಗಳು, ಕೊನೆಗೆರೆಗೆ ಒಂದು ಗಜಕ್ಕೂ ಕಡಿಮೆ ಅಂತರ, ವಿರಾಮ ಕೇಳಲು ಅವಕಾಶವಿಲ್ಲ. ಒದ್ದು ಮೂರಂಕ ಗಳಿಸಿ ಪಂದ್ಯವನ್ನು ಸಮ ಮಾಡಬಹುದಿತ್ತು. ಸ್ಟಾರ್ ತರಬೇತುದಾರನ ಬಳಿ ಹೋಗಿ, ಓಡುವವರ ಕಾಲು ಜಾರುತ್ತಿದೆ, ನಾನೇ ನುಗ್ಗುತ್ತೇನೆ ಎಂದ. ಹಾಗಾದರೆ ನುಗ್ಗಿ ಮುಗಿಸು, ಎಲ್ಲರೂ ಮನೆಗೆ ಹೋಗೋಣ ಎಂಬರ್ಥದಲ್ಲಿ ಲೊಂಬಾರ್ಡಿ ಗದರಿದ. ಚೆಂಡು ತನ್ನ ಕೈಗೇ ಬರುವುದೆಂದು ಜೊತೆಯ ಆಟಗಾರ ಚಕ್ ಮರ್ಸೀನ್ ನಂಬಿದ್ದ! ಸ್ಟಾರ್ ಯಾರಿಗೂ ಕೊಡದೆ, ಜೆರ್ರಿ ಕ್ರೇಮರ್ ಮತ್ತು ಕೆನ್ ಬೌಮನ್ ಎದುರಾಳಿಯನ್ನು ನೂಕಿ ಮಾಡಿದ ಕಿಂಡಿಯಲ್ಲಿ ತೂರಿ ಗೆರೆಯಾಚೆ ಬಿದ್ದ. 21–17.

ಆ ಕ್ಷಣದ ಸುಪ್ರಸಿದ್ಧ ಛಾಯಾಚಿತ್ರದಲ್ಲಿ ಮರ್ಸೀನ್ ಎರಡೂ ಕೈಗಳನ್ನು ಮೇಲೆತ್ತಿರುವುದು ಕಾಣುತ್ತದೆ. ಗೆಲುವಿನ ಸಂಭ್ರಮವೆಂದೇ ನೋಡಿದವರೆಲ್ಲ ತಿಳಿಯುತ್ತಾರೆ. ಅಸಲಿಗೆ, ಸ್ಟಾರನನ್ನು ಹಿಂದಿನಿಂದ ನೂಕಿ ನಿಯಮ ಮುರಿದಿಲ್ಲವೆಂದು ತೀರ್ಪುಗಾರರಿಗೆ ತೋರಿಸಲು ಆತ ಕೈಯೆತ್ತಿದ್ದ. ಕಿಂಡಿ ತೆರೆದ ಕ್ರೇಮರನಿಗೆ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ದೊರೆತದ್ದು 2018ರಲ್ಲಿ, ಐವತ್ತು ವರ್ಷಗಳ ತರುವಾಯ.

ಕೀರ್ತಿಯ ಬೆಲೆಯನ್ನೂ ಹೇಳದಿದ್ದರೆ ಕಥೆ ಅರ್ಧವೇ ಆಗುತ್ತದೆ. ವಿಲ್ಲಿ ವುಡ್ ಎಂಬ ರಕ್ಷಣಾ ಆಟಗಾರನನ್ನು ಕಾಲೇಜು ಮುಗಿದಾಗ ಯಾವ ತಂಡವೂ ಆರಿಸಿಕೊಂಡಿರಲಿಲ್ಲ. ಅವಕಾಶ ಕೊಡಿರೆಂದು ಆತನೇ ಪತ್ರ ಬರೆದು ಕೇಳಿಕೊಂಡ, ಲೊಂಬಾರ್ಡಿ ಕರೆದ. ಮೊದಲ ಸೂಪರ್ ಬೌಲಿನಲ್ಲಿ ಎದುರಾಳಿಯ ಎಸೆತವನ್ನು ನಡುವೆಯೇ ಕಸಿದು 50 ಗಜ ಓಡಿ ಪಂದ್ಯದ ಗತಿಯನ್ನೇ ಬದಲಿಸಿದವನು ಇದೇ ವುಡ್. ಬಾಳಸಂಜೆಯಲ್ಲಿ ಆತನನ್ನು ಮರೆವಿನ ರೋಗ ಆವರಿಸಿತು. 2016ರಲ್ಲಿ ಸೂಪರ್ ಬೌಲಿನ ಐವತ್ತನೆಯ ಪಂದ್ಯವನ್ನು ದೇಶವೆಲ್ಲ ಸಂಭ್ರಮಿಸುತ್ತಿದ್ದಾಗ, ಮೊದಲನೆಯದರಲ್ಲಿ ತಾನು ಆಡಿದ್ದೆನೆಂಬುದೇ ಆತನಿಗೆ ನೆನಪಿರಲಿಲ್ಲ. 2020ರಲ್ಲಿ ಆತ ತೀರಿಕೊಂಡ. ತಲೆಗೆ ಬೀಳುವ ಪೆಟ್ಟುಗಳಿಗೂ ಮುಪ್ಪಿನಲ್ಲಿ ಕಾಡುವ ಮಿದುಳಿನ ರೋಗಗಳಿಗೂ ಇರುವ ನಂಟನ್ನು ಲೀಗು ಬಹುಕಾಲ ಅಲ್ಲಗಳೆಯುತ್ತ ಬಂದು, 2016ರಲ್ಲಿ ಒಪ್ಪಿಕೊಂಡಿತು.

ಹಂಚಿ ತಿಂದ ಅನ್ನ

ಇಷ್ಟು ಸಣ್ಣ ಊರು ಇಂದಿನ ಕೋಟ್ಯನುಕೋಟಿ ಡಾಲರಿನ ಆಟದಲ್ಲಿ ಉಳಿದುಕೊಂಡದ್ದು ಹೇಗೆ? ಷೇರುದಾರರ ಅಭಿಮಾನವೊಂದೇ ಸಾಲದು. 1961ರಲ್ಲಿ ಲೀಗಿನ ಆಡಳಿತಾಧಿಕಾರಿ ಪೀಟ್ ರೋಜೆಲ್ ಪ್ರಯತ್ನದಿಂದ ಒಂದು ಶಾಸನ ಬಂತು. ಅಧ್ಯಕ್ಷ ಕೆನೆಡಿ ಅದಕ್ಕೆ ಸಹಿ ಹಾಕಿದರು. ಅದರಂತೆ ಎಲ್ಲ ತಂಡಗಳ ಟೆಲಿವಿಷನ್ ಹಕ್ಕನ್ನೂ ಲೀಗು ಒಟ್ಟಿಗೆ ಮಾರಿ, ಬಂದ ಹಣವನ್ನು ಸರಿಸಮವಾಗಿ ಹಂಚುತ್ತದೆ. ಕೋಟಿ ಜನರ ನ್ಯೂಯಾರ್ಕಿಗೆ ಎಷ್ಟೋ ಲಕ್ಷ ಜನರ ಗ್ರೀನ್ ಬೇಗೂ ಅಷ್ಟೇ! ಬಂಡವಾಳಶಾಹಿಯ ತವರೂರಿನಲ್ಲಿ ಕುಬೇರರೆಲ್ಲ ಕುಳಿತು ಒಂದೇ ಪಂಕ್ತಿಯಲ್ಲಿ ಸಮನಾಗಿ ಬಡಿಸಿಕೊಳ್ಳುವ ಈ ಏರ್ಪಾಡು ತಮಾಷೆಯದಾದರೂ ಸತ್ಯ. ತಂಡವೊಂದಕ್ಕೆ ಅಸಂಖ್ಯ ಒಡೆಯರಿರಲು ಲೀಗಿನ ಇಂದಿನ ನಿಯಮಗಳು ಒಪ್ಪುವುದಿಲ್ಲ. ಗ್ರೀನ್ ಬೇ ಒಂದಕ್ಕೆ ಮಾತ್ರ ವಿನಾಯಿತಿ. ಆದುದರಿಂದಲೇ ವರ್ಷದ ಜಮಾಖರ್ಚನ್ನು ಸಾರ್ವಜನಿಕರ ಮುಂದಿಡುವ ತಂಡವೂ ಇದೊಂದೇ.

ಲೊಂಬಾರ್ಡಿ ಹೋದ ಮೇಲೆ ಸುಮಾರು ಕಾಲು ಶತಮಾನ ತಂಡಕ್ಕೆ ಗ್ರಹಣ ಹಿಡಿಯಿತು. ಬಾರ್ಟ್ ಸ್ಟಾರನೇ ತರಬೇತುದಾರನಾಗಿ ಬಂದರೂ ದೆಸೆ ತಿರುಗಲಿಲ್ಲ. ಸೋಜಿಗವೆಂದರೆ, ಆ ಸೋಲಿನ ವರ್ಷಗಳಲ್ಲೂ ಟಿಕೆಟುಗಳು ಒಂದೂ ಉಳಿಯುತ್ತಿರಲಿಲ್ಲ. 1960ರಿಂದ ಇಂದಿನವರೆಗೆ ಋತುವಿನ ಟಿಕೆಟುಗಳೆಲ್ಲ ಮೊದಲೇ ಮಾರಾಟವಾಗುತ್ತ ಬಂದಿವೆ. ಆಸನಗಳು ಎಂಬತ್ತೊಂದು ಸಾವಿರವಾಗಿವೆ. ಕಾಯುವವರ ಪಟ್ಟಿ ಲಕ್ಷವನ್ನು ಮೀರಿದೆ. ಮಗು ಹುಟ್ಟಿದೊಡನೆ ಪಟ್ಟಿಯಲ್ಲಿ ಹೆಸರು ಬರೆಸುವ ತಂದೆತಾಯಿಗಳುಂಟು. ಹಿಮ ಬಿದ್ದ ಮರುದಿನ ಆಸನಗಳನ್ನು ಗೋರಿ ಸ್ವಚ್ಛಮಾಡಲು ಊರಿನವರೇ ಸಲಿಕೆ ಹಿಡಿದು ಸಾಲುಗಟ್ಟುತ್ತಾರೆ. ಕೂಲಿ ಕೊಡುತ್ತಾರೆ, ನಿಜ. ಆದರೆ ಅವರು ಬರುವುದು ಕೂಲಿಗಲ್ಲವೆಂಬುದು ಮುಖ ನೋಡಿದರೇ ತಿಳಿಯುತ್ತದೆ.

ಮರಳಿ ಬಂದ ಪಾರಿತೋಷಕ

1992ರಲ್ಲಿ ಬ್ರೆಟ್ ಫಾವ್ರ್ ಎಂಬ ಧಾಂಡಿಗ ಕ್ವಾರ್ಟರ್‌ಬ್ಯಾಕ್, ಮರುವರ್ಷ ಧರ್ಮೋಪದೇಶಕನೂ ಆಗಿದ್ದ ರಕ್ಷಣಾ ವೀರ ರೆಜ್ಜಿ ವೈಟ್ ಬಂದು ಸೇರಿದರು. 1993ರ ಡಿಸೆಂಬರಿನಲ್ಲಿ ಲೆರಾಯ್ ಬಟ್ಲರ್ ಎಂಬಾತ ಟಚ್‌ಡೌನ್ ಗಳಿಸಿದ ಆನಂದದಲ್ಲಿ ಓಡಿಹೋಗಿ ಪ್ರೇಕ್ಷಕರ ತೋಳುಗಳಿಗೇ ಜಿಗಿದ. ಬಾಲ್ಯದಲ್ಲಿ ಕಾಲುಗಳು ಸೊಟ್ಟಗಾಗಿ ಗಾಲಿಕುರ್ಚಿಯಲ್ಲಿ ಕುಳಿತಿರುತ್ತಿದ್ದ ಹುಡುಗ ಆತ! ‘ಲ್ಯಾಂಬೋ ಜಿಗಿತ’ ಎಂದು ಹೆಸರಾದ ಆ ಸಂಪ್ರದಾಯ ಇಂದಿಗೂ ನಡೆದಿದೆ. 1997ರ ಜನವರಿಯ ಸೂಪರ್ ಬೌಲಿನಲ್ಲಿ ಪ್ಯಾಕರ್ಸ್ ನ್ಯೂ ಇಂಗ್ಲೆಂಡ್ ತಂಡವನ್ನು 35–21ರಿಂದ ಸೋಲಿಸಿ, ಲೊಂಬಾರ್ಡಿಯ ಹೆಸರಿನ ಪಾರಿತೋಷಕವನ್ನು ಲೊಂಬಾರ್ಡಿಯ ಊರಿಗೆ ತಂದಿತು. ಇಪ್ಪತ್ತೊಂಬತ್ತು ವರ್ಷಗಳ ಉಪವಾಸ ಮುಗಿಯಿತು.

ಫಾವ್ರ್ ಪ್ಯಾಕರ್ಸ್ ಪರವಾಗಿ ಒಂದೂ ತಪ್ಪದೆ 253 ಪಂದ್ಯಗಳನ್ನು ಆರಂಭಿಸಿದ. 2003ರ ಡಿಸೆಂಬರ್ 21ರಂದು ಆತನ ತಂದೆ ಹಠಾತ್ತನೆ ತೀರಿಕೊಂಡರು. ಮರುರಾತ್ರಿ ಓಕ್‌ಲೆಂಡಿನಲ್ಲಿ ಪಂದ್ಯ. ಆಡದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ತಂದೆ ಬಯಸುತ್ತಿದ್ದುದು ಇದನ್ನೇ ಎಂದು ಆತ ಮೈದಾನಕ್ಕಿಳಿದು 399 ಗಜಗಳ ಎಸೆತಗಳಿಂದ ನಾಲ್ಕು ಟಚ್‌ಡೌನ್ ಗಳಿಸಿಕೊಟ್ಟ. ಮುಂದೆ ತಂಡದೊಡನೆ ವಿರಸವಾಗಿ, ಎದುರಾಳಿ ತಂಡದ ಅಂಗಿ ತೊಟ್ಟು ಬಂದಾಗ ಇದೇ ಜನ ಛೀಮಾರಿ ಹಾಕಿದರು. 2015ರಲ್ಲಿ ಆತನ 4ನೆಯ ಸಂಖ್ಯೆಗೆ ಗೌರವ ಸಲ್ಲಿಸಿದರು. ಆ ನವೆಂಬರಿನ ಮಳೆಯ ರಾತ್ರಿ, ಪಾರ್ಶ್ವವಾಯುವಿನಿಂದ ಜರ್ಜರಿತನಾಗಿದ್ದ ಎಂಬತ್ತೊಂದರ ಬಾರ್ಟ್ ಸ್ಟಾರ್ ಸಣ್ಣ ಗಾಡಿಯಲ್ಲಿ ಕುಳಿತು ಬಂದು ಫಾವ್ರ್‌ನ ಪಕ್ಕದಲ್ಲಿದ್ದ. ಕ್ರೀಡಾಂಗಣ ಎದ್ದುನಿಂತಿತು. ಪಂದ್ಯವನ್ನು ಮಾತ್ರ ಅಂದು ಪ್ಯಾಕರ್ಸ್ ಸೋತಿತು. ಗೆದ್ದವರು ಷಿಕಾಗೋದವರು.

ಫಾವ್ರ್‌ನ ನೆರಳಿನಲ್ಲಿ ಮೂರು ವರ್ಷ ಕಾದು ಕುಳಿತಿದ್ದ ಆರನ್ ರಾಜರ್ಸ್ ಹದಿಮೂರನೆಯ ಕಿರೀಟವನ್ನು ತಂದ. 2010ರ ಋತುವಿನಲ್ಲಿ ಕೊನೆಯ ಅರ್ಹತಾಸ್ಥಾನದಿಂದ ಒಳಬಂದು, ಮೂರು ಪಂದ್ಯಗಳನ್ನು ಪರಸ್ಥಳಗಳಲ್ಲೇ ಗೆದ್ದು, 2011ರ ಫೆಬ್ರುವರಿ 6ರಂದು ಪಿಟ್ಸ್‌ಬರ್ಗ್ ತಂಡವನ್ನು 31–25ರಿಂದ ಮಣಿಸಿದರು. ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ರಾಜರ್ಸ್‌ಗೆ ನಾಲ್ಕು ಬಾರಿ ದೊರೆಯಿತು. 2023ರಲ್ಲಿ ಆತನೂ ಬೇರೆ ತಂಡಕ್ಕೆ ಹೋದ.

ಹೋಗುವ ಮುನ್ನ ಇನ್ನೊಂದು ದಾಖಲೆ ಬಾಕಿಯಿತ್ತು. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಗೆಲುವುಗಳ ಗೌರವ ನೂರು ವರ್ಷಗಳ ಹತ್ತಿರ ಷಿಕಾಗೋ ಬೇರ್ಸ್ ತಂಡದ್ದಾಗಿತ್ತು. 2022ರ ಡಿಸೆಂಬರ್ 4ರಂದು, ಜಾರ್ಜ್ ಹಲಾಸನ ಆ ಷಿಕಾಗೋದಲ್ಲೇ, ಆತನ ತಂಡವನ್ನೇ 28–19ರಿಂದ ಸೋಲಿಸಿ ಪ್ಯಾಕರ್ಸ್ ತನ್ನ 787ನೆಯ ಗೆಲುವನ್ನು ಪಡೆದು ಮೊದಲ ಸ್ಥಾನಕ್ಕೇರಿತು. ಐದು ವಾರಗಳ ತರುವಾಯ, 2023ರ ಜನವರಿ 8ರಂದು ಋತುವಿನ ಕೊನೆಯ ಪಂದ್ಯ ಲ್ಯಾಂಬೋ ಮೈದಾನದಲ್ಲಿ ನಡೆಯಿತು. ಗೆದ್ದಿದ್ದರೆ ಮುಂದಿನ ಸುತ್ತಿಗೆ ಪ್ರವೇಶ, 20–16ರಿಂದ ಸೋತರು. ಸೋಲಿಸಿದವರು ಡೆಟ್ರಾಯಿಟ್ ಲಯನ್ಸ್, ಹಿಂದೊಮ್ಮೆ ಪೋರ್ಟ್ಸ್‌ಮತ್ ಎಂಬ ಸಣ್ಣ ಊರಿನದಾಗಿದ್ದ ತಂಡ.